ದಕ್ಷಿಣಕ್ಕೆ ಮುಖ ಮಾಡಿದ ಮಳೆಗಾಲ

ನಮ್ಮ ಅತ್ತೆ ಈಗಲೂ ದಿನಾ ಬೆಳಗ್ಗೆ ಸೋಲಾರ್ ತೊಳೆಯುತ್ತಾರೆ. ಚಹಾ ಕುಡಿದು, ಹಳೆಯ ಸೀರೆಯ ತುಂಡು ಸುತ್ತಿದ ಗಳ ಹಿಡಿದು ಹಿತ್ತಿಲ ಕಣಕ್ಕೆ ಹೋಗುವುದು ಅವರ ನೇಮ. ಅತ್ತಿವೇರಿ ಕೆರೆಯ ಬೆಳ್ಳಕ್ಕಿಗಳಿಗೆ ಸಂಜೆ ಗೂಡು ಸೇರಲು ಇಡೀ ಆಕಾಶ ಬಿಟ್ಟು ನಮ್ಮ ಕಣದ ಮೇಲಿನ ಹಾದಿಯೇ ಬೇಕು. ಹೋಗುವವು ಸುಮ್ಮನೆ ಹೋಗುವುದಿಲ್ಲ. ಆ ಹಿಕ್ಕೆ ಒಣಗಿ ಗಾಜಿಗೆ ಕಚ್ಚಿಕೊಂಡರೆ ಉಗುರಿನಿಂದ ಕೆರೆದರೂ ಏಳುವುದಿಲ್ಲ. ಅತ್ತೆ ಹಕ್ಕಿಗಳ ವಂಶವನ್ನೆಲ್ಲ ಬೈಯುತ್ತ, ನೀರು ಚಿಮುಕಿಸುತ್ತ, ಒಂದೊಂದೇ ಪ್ಲೇಟನ್ನು ಮೊಮ್ಮಕ್ಕಳ ಮುಖ ತೊಳೆದಂತೆ ತೊಳೆಯುತ್ತಾರೆ.

ನಾನು ಈಗ ಮುಂಡಗೋಡಿನಲ್ಲಿ ನಾನು ಕಲಿಸುವ ಶಾಲೆಯ ಹತ್ತಿರ ಒಂದು ಬಾಡಿಗೆ ಮನೆಯಲ್ಲಿದ್ದೇನೆ. ಶನಿವಾರ ಶಾಲೆ ಬಿಟ್ಟ ಮೇಲೆ ಊರಿಗೆ ಹೋಗಿ ಭಾನುವಾರ ಸಂಜೆ ಮರಳುತ್ತೇನೆ. ಕಳೆದ ವಾರ ಹೋದಾಗ ಬೆಳಗ್ಗೆ ಹಿತ್ತಿಲ ಬಾಗಿಲು ತೆರೆದದ್ದೇ ತಡ, ಆ ವಾಸನೆ ಬಂತು. ನೆನೆದ ಧೂಳು, ಹಕ್ಕಿಯ ಹಿಕ್ಕೆ, ಎಳೆಬಿಸಿಲಿಗೆ ಆಗಷ್ಟೇ ಬೆಚ್ಚಗಾಗುತ್ತಿದ್ದ ಗಾಜು ಎಲ್ಲ ಕಲೆತ ವಾಸನೆ. ಅದು ಮೂಗಿಗೆ ಬಿದ್ದರೆ ಆ ಒಂದು ಮಳೆಗಾಲ ಇಡಿಯಾಗಿ ಎದುರು ಬಂದು ನಿಲ್ಲುತ್ತದೆ. ಬೇಡವೆಂದರೂ ಬರುತ್ತದೆ, ಬಂದ ಮೇಲೆ ಅರ್ಧ ದಿನ ಹೋಗುವುದಿಲ್ಲ.

ನನ್ನ ಗಂಡ ಫಕೀರಪ್ಪ ಬಡಗಿ. ಮುಂಡಗೋಡಿನಲ್ಲಿ ಅವರದೇ ಒಂದು ಶೆಡ್ಡು ಇತ್ತು. ಬಾಗಿಲು, ಕಿಟಕಿ, ಮದುವೆಯ ಮಂಚ, ಏನು ಹೇಳಿದರೂ ಮಾಡಿಕೊಡುತ್ತಿದ್ದರು. ಮಷೀನು ಬಂದ ಮೇಲೆ ಕೆಲಸ ಹಗುರವಾಯಿತು, ಹಿಟ್ಟಿನಂಥ ಧೂಳು ಹೆಚ್ಚಾಯಿತು. ಬಾಯಿಗೆ ಬಟ್ಟೆ ಕಟ್ಟಿಕೊಳ್ಳಿರೆಂದರೆ ಮದುಮಗಳ ಸೆರಗೇನು ಅದು ಎಂದು ನಗುವವರು. ಕೆಮ್ಮು ಬಂತು, ಅದಕ್ಕೂ ನಕ್ಕರು. ನಾಲ್ಕು ಹೆಜ್ಜೆ ನಡೆದರೆ ಗೋಡೆ ಹಿಡಿದು ನಿಲ್ಲುವಂತಾದಾಗ ಹುಬ್ಬಳ್ಳಿಗೆ ಕರೆದುಕೊಂಡು ಹೋದೆವು. ಡಾಕ್ಟರು ಎದೆಯ ಫೋಟೋವನ್ನು ಬೆಳಕಿಗೆ ಹಿಡಿದು, "ಪುಪ್ಪುಸ ಗಟ್ಟಿ ಆಗ್ಯಾವ್ರಿ. ಹೊಳ್ಳಿ ಮೆತ್ತಗ ಆಗೂವಲ್ಲ. ಇದ್ದಷ್ಟು ಕಾಪಾಡ್ಕೊಂಡು ಹೋಗೂಣು" ಅಂದರು. ಹೇಳಿದ ರೀತಿ ಮೆತ್ತಗಿತ್ತು.

ಅಲ್ಲಿಂದ ಮನೆಗೆ ಬರುವಾಗ ಆಕ್ಸಿಜನ್ ಮಷೀನು ಜೊತೆಗೆ ಬಂತು. ಟ್ರಂಕಿನಷ್ಟು ದೊಡ್ಡದು. ಸುತ್ತಲಿನ ಗಾಳಿಯನ್ನೇ ಎಳೆದುಕೊಂಡು, ಸೋಸಿ, ಒಂದು ಸಣ್ಣ ನಳಿಗೆಯಿಂದ ಮೂಗಿಗೆ ಕೊಡುತ್ತದೆ. ಹಗಲೂ ರಾತ್ರಿ ಗುರ್ರೆನ್ನುತ್ತಲೇ ಇರುತ್ತದೆ. "ನಿನಗಿಂತ ಹೆಚ್ಚು ಮಾತಾಡ್ತೈತಿ ನೋಡಿದು" ಎಂದು ಅವರು ನನ್ನನ್ನು ಕೆಣಕುತ್ತಿದ್ದರು. ಅದು ನಿಲ್ಲುವುದು ಕರೆಂಟು ಹೋದಾಗ ಮಾತ್ರ. ಆಗ ಒಂದೇ ಸಮ ಕೀ ಎಂದು ಕೂಗುತ್ತಿತ್ತು. ಮನೆಯಲ್ಲಿದ್ದ ಹಳೆಯ ಇನ್ವರ್ಟರು ಒಂದು ಅಡಿಗೆ ಮಾಡುವಷ್ಟು ಹೊತ್ತೂ ಅದನ್ನು ನಡೆಸುತ್ತಿರಲಿಲ್ಲ. ಆಮೇಲೆ ಸಿಲಿಂಡರು, ಸಿಲಿಂಡರು ಮುಗಿದರೆ ಹುಬ್ಬಳ್ಳಿ. ಬರೀ ನಮ್ಮ ಗಾಳಿಯ ಮೇಲೆ ಬಿಟ್ಟರೆ ಅವರ ತುಟಿ ನೋಡನೋಡುತ್ತಿದ್ದಂತೆ ನೇರಳೆ ಹಣ್ಣು ತಿಂದವರ ಹಾಗೆ ಆಗುತ್ತಿತ್ತು.

ನಮ್ಮೂರಿಗೆ ಕರೆಂಟು ಬರುವುದು ಸಾಗವಾನಿ ಕಾಡಿನೊಳಗಿಂದ. ಗಾಳಿ ಜೋರಾಗಿ ಬೀಸಿದರೆ ಎಲ್ಲೋ ಒಂದು ಟೊಂಗೆ ತಂತಿಯ ಮೇಲೆ ಬೀಳುತ್ತದೆ, ಊರು ಕತ್ತಲಾಗುತ್ತದೆ. ಬೇಸಿಗೆಯ ಮೊದಲ ಅಡ್ಡಮಳೆಗೇ ಹೀಗಾದರೆ ಜೂನಿನ ಮಿರಗದ ಮಳೆ ಹಿಡಿದ ಮೇಲೆ ಏನು ಗತಿ ಎಂಬ ಭಯ ನನ್ನನ್ನು ಹಿಡಿದುಕೊಂಡಿತು. ಅದೇ ದಿನಗಳಲ್ಲಿ ಟಿಬೇಟಿ ಕ್ಯಾಂಪಿನ ಬದಿಯ ಒಂದು ಹೊಲದಲ್ಲಿ, ನೆಲದ ಮೇಲೆ ಕಬ್ಬಿಣದ ಕಾಲು ಕೊಟ್ಟು ಸೋಲಾರ್ ನಿಲ್ಲಿಸಿದ್ದನ್ನು ಬಸ್ಸಿನಿಂದ ಕಂಡೆ. ನಮ್ಮದು ಹಂಚಿನ ಮನೆ. ಹಂಚಿನ ಕೆಳಗಿನ ಜಂತಿಗಳಿಗೆ ಪ್ಲೇಟಿನ ಭಾರ ಹೊರುವ ತ್ರಾಣವಿಲ್ಲ ಎಂದು ಸ್ವತಃ ಬಡಗಿಯಾದ ನನ್ನ ಗಂಡನೇ ಹೇಳಿದ್ದರು. ನೆಲದ ಮೇಲೆ ನಿಲ್ಲಿಸಬಹುದೆಂದು ಅದುವರೆಗೂ ನಮಗೆ ಹೊಳೆದಿರಲಿಲ್ಲ.

ಹಿತ್ತಿಲಲ್ಲಿ ನೆರಳು ಬೀಳದ ಜಾಗವೆಂದರೆ ಕಣವೊಂದೇ. ಒಕ್ಕಲು ಮಾಡುವ ಕಣ. ಚಪ್ಪಲಿ ಹಾಕಿಕೊಂಡು ಅದರೊಳಗೆ ಕಾಲಿಟ್ಟರೆ ಅತ್ತೆ ಮೂರು ದಿನ ಮಾತು ಬಿಡುತ್ತಿದ್ದರು. ಅಂಥವರು ಎರಡನೇ ಮಾತಿಲ್ಲದೆ, "ನಮ್ಮ ಫಕೀರನ ಉಸುರಿಗಿಂತ ಕಣ ದೊಡ್ಡದೇನು? ಗೋಂಜಾಳ ರಸ್ತಾದಾಗ ಒಣಗಲಿ" ಅಂದುಬಿಟ್ಟರು. ಹೊಲ ನೋಡಿಕೊಳ್ಳುವ ಮೈದುನ ನಾಗಪ್ಪನೂ ಹೂಂ ಅಂದ. ಮೊದಲ ಗುಂಡಿ ತೋಡುವ ದಿನ ಅತ್ತೆ ಅರಿಶಿನ ಕುಂಕುಮ ಹಾಕಿ ಕಾಯಿ ಒಡೆದರು. ಹಿಂದೆ ಎತ್ತು ಕಟ್ಟಿ ತುಳಿಸುವಾಗ ಮೇಟಿಕಂಬ ನಿಲ್ಲಿಸುತ್ತಿದ್ದ ನಡುಮಧ್ಯದ ಜಾಗಕ್ಕೇ ಒಂದು ಕಬ್ಬಿಣದ ಕಾಲು ಬಂತು. ಅದು ಒಳ್ಳೆಯ ಲಕ್ಷಣ ಅಂದುಕೊಂಡೆವು.

ತಕರಾರು ಎದ್ದದ್ದು ಕಾಲು ನೆಟ್ಟ ಮೇಲೆ. ಹುಬ್ಬಳ್ಳಿಯಿಂದ ಬಂದಿದ್ದ ಮಂಜುನಾಥ ಎಂಬ ಹುಡುಗ ಒಳ್ಳೆಯವನು, ಕೆಲಸದಲ್ಲಿ ಚುರುಕು. ಮೊಬೈಲಿನಲ್ಲಿ ದಿಕ್ಕು ನೋಡಿ, "ಮಾರಿ ದಕ್ಷಿಣಕ್ಕ ಬರ್ಬೇಕ್ರಿ ಅಜ್ಜಿ" ಅಂದ. ಅತ್ತೆ ಕೈಯಲ್ಲಿದ್ದ ಚೊಂಬು ಕೆಳಗಿಟ್ಟರು.

"ತೆಂಕಲಕ್ಕ? ಯಮನ ದಿಕ್ಕಿಗೆ?"

"ಎಲ್ಲಾರ ಮನ್ಯಾಗೂ ಹಂಗ ಇರ್ತಾವ್ರಿ. ಬಿಸಲು ಚಲೋ ಬೀಳ್ತೈತಿ."

"ಎಲ್ಲಾರ ಮನ್ಯಾಗ ಹಾಸಿಗಿ ಹಿಡದ ಮಗ ಇರೂದಿಲ್ಲಪ್ಪಾ. ಅವನಿಗಿ ಉಸುರು ಕೊಡೂದನ್ನ ಒಯ್ದು ಯಮನ ಕಡೆ ಮಾರಿ ಮಾಡಿ ನಿಂದ್ರಸ್ತೀಯೇನು? ಮೂಡಲಕ್ಕ ಹೊಳ್ಳಸು. ಸೂರ್ಯಾ ಹುಟ್ಟೂದ ಅಲ್ಲೆ, ಬಿಸಲು ಕೊಡಾವನೂ ಅವನ."

ಕಿಟಕಿಯ ಪಕ್ಕದ ಮಂಚದಿಂದ ನನ್ನ ಗಂಡನ ನಗು ಕೇಳಿಸಿತು. ನಗುವುದಕ್ಕೂ ಅವರಿಗೆ ಉಸಿರು ಸಾಲುತ್ತಿರಲಿಲ್ಲ, ಆದರೂ ಬಿಡುತ್ತಿರಲಿಲ್ಲ. "ಯವ್ವಾ, ಯಮ ಬರೂದಾದ್ರ ಮೂಡಲ ಬಾಗಲಾ ಬಡದೂ ಬರ್ತಾನ. ಅವಂಗೇನ ಅಡ್ರೆಸ್ ಗೊತ್ತಿಲ್ಲೇನು?"

ಅತ್ತೆ ನಗಲಿಲ್ಲ. ನನಗೂ ನಗು ಬರಲಿಲ್ಲ. ಮಂಜುನಾಥ ತಲೆ ಕೆರೆದುಕೊಂಡು, ಪೂರ್ವಕ್ಕಿಟ್ಟರೆ ಕರೆಂಟು ಒಂಚೂರು ಕಡಿಮೆ ಬರುತ್ತದೆ, ಅಂಥ ದೊಡ್ಡ ಫರಕೇನೂ ಆಗುವುದಿಲ್ಲ ಅಂದ. ನಾನು ವಿಜ್ಞಾನ ಕಲಿಸುವವಳು, ಹುಡುಗ ಹೇಳಿದ್ದು ಸರಿಯೆಂದು ನನಗೆ ಗೊತ್ತಿತ್ತು. ಒಬ್ಬ ತಾಯಿಯ ನೆಮ್ಮದಿಗೆ ಅಷ್ಟು ಬಿಟ್ಟುಕೊಟ್ಟರೆ ಗಂಟೇನೂ ಹೋಗುವುದಿಲ್ಲ ಎಂದು ಪೂರ್ವಕ್ಕೇ ನಿಲ್ಲಿಸಿದೆವು.

ಆ ಬೇಸಿಗೆಯ ಕೊನೆಯ ದಿನಗಳು ಎಷ್ಟು ಚೆನ್ನಾಗಿದ್ದವೆಂದರೆ ಈಗ ನೆನೆದರೆ ಹೊಟ್ಟೆಕಿಚ್ಚಾಗುತ್ತದೆ, ನಮ್ಮ ಮೇಲೆ ನಮಗೇ. ಹೊತ್ತೇರುವುದರೊಳಗೆ ಬ್ಯಾಟರಿ ತುಂಬುತ್ತಿತ್ತು. ಊರಿನ ಕರೆಂಟು ಹೋದರೆ ನಮ್ಮ ಮನೆಯ ಮಷೀನು ಕೀ ಎನ್ನುತ್ತಲೇ ಇರಲಿಲ್ಲ. ಅಕ್ಕಪಕ್ಕದವರು ಮೊಬೈಲು ಚಾರ್ಜಿಗೆ ತರುವರು, ಅತ್ತೆ ಸಾಲಾಗಿ ಜೋಡಿಸಿ ಇಡುವರು, ಯಾರದು ಎಷ್ಟು ತುಂಬಿತೆಂದು ನೋಡಿ ಕೂಗಿ ಕರೆಯುವರು. ಬಂದವರಿಗೆಲ್ಲ ಕಣ ತೋರಿಸಿ, "ಮೂಡಲಕ್ಕ ಮಾರಿ ಮಾಡಿಸೇನಿ, ನೋಡ್ರಿ" ಎಂದು ಹೇಳುವುದನ್ನು ಮರೆಯುತ್ತಿರಲಿಲ್ಲ. ನನ್ನ ಗಂಡನ ಮುಖದಲ್ಲಿ ರಕ್ತ ಆಡತೊಡಗಿತು. ಮಂಚದಲ್ಲಿ ಕೂತೇ ನಾಗಪ್ಪನ ಮಗಳಿಗೆ ಒಂದು ಬುಗುರಿ ಕೆತ್ತಿಕೊಟ್ಟರು.

ಆಮೇಲೆ ಮಳೆ ಬಂತು.

ಮುಂಡಗೋಡು ಸೀಮೆಯ ಮಳೆ ಆರ್ಭಟ ಮಾಡಿ ಹೋಗುವ ಮಳೆಯಲ್ಲ. ಬಂದು ಕೂತುಕೊಳ್ಳುತ್ತದೆ. ಮಿರಗ ಹೋಯಿತು, ಆರಿದ್ರಾ ಬಂತು, ಆಕಾಶದ ಬಣ್ಣ ಮಾತ್ರ ಬೂದಿಯದೇ. ಗದ್ದೆಯವರು ಖುಷಿಯಾಗಿದ್ದರು. ಅವರ ಖುಷಿ ನೋಡಿ ನನಗೆ ಸಿಟ್ಟು ಬರುತ್ತಿತ್ತು, ಬರಬಾರದಿತ್ತು, ಬರುತ್ತಿತ್ತು. ಬೆಳಗ್ಗೆ ಎದ್ದವಳೇ ಇನ್ವರ್ಟರಿನ ಮುಂದೆ ಹೋಗಿ ನಿಲ್ಲುತ್ತಿದ್ದೆ. ಬ್ಯಾಟರಿಯ ಗುರುತಿನಲ್ಲಿ ಒಂದೇ ಕಡ್ಡಿ ಉಳಿದಿರುತ್ತಿತ್ತು. ಮಧ್ಯಾಹ್ನದ ಹೊತ್ತಿಗೆ ಇನ್ನೊಂದು ಕಡ್ಡಿ ಬಂದರೆ ಪುಣ್ಯ. ಫ್ರಿಜ್ಜು ಬಂದ್ ಮಾಡಿದೆವು, ಮಿಕ್ಸರ್ ಬಿಟ್ಟು ಒಳಕಲ್ಲಿಗೆ ಹೋದೆವು, ಸಂಜೆ ದೇವರ ಮುಂದಿನ ದೀಪ ಬಿಟ್ಟರೆ ಬೇರೆ ದೀಪ ಹಚ್ಚಲಿಲ್ಲ. ಉಳಿಸಿದ್ದೆಲ್ಲ ಮಷೀನಿಗೆ. ಮೊಬೈಲು ತರುತ್ತಿದ್ದವರು ತಾವಾಗಿಯೇ ತರುವುದು ಬಿಟ್ಟರು, ಯಾರೂ ಹೇಳಿರಲಿಲ್ಲ.

ಕಾಡಿನಲ್ಲಿ ಟೊಂಗೆಗಳಂತೂ ನಮ್ಮ ಮೇಲೆ ಹಗೆ ಇದ್ದವರ ಹಾಗೆ ಬೀಳುತ್ತಲೇ ಇದ್ದವು. ಲೈನ್‌ಮನ್ ಪರಶುರಾಮನಿಗೆ ಫೋನು ಮಾಡಿ ಮಾಡಿ ಅವನ ನಂಬರು ನನಗೆ ಬಾಯಿಪಾಠವಾಗಿತ್ತು. ಒಂದು ದಿನ ಸಿಟ್ಟಿನಲ್ಲಿ ಬಾಯಿಗೆ ಬಂದಂತೆ ಅಂದುಬಿಟ್ಟೆ. ಮರುದಿನ ಅವನೇ ಮನೆಗೆ ಬಂದ. ಮೈಯೆಲ್ಲ ಕೆಸರು, ತೋಯ್ದ ಪ್ಯಾಂಟು. ಬಾಗಿಲಲ್ಲೇ ನಿಂತು, "ಬಾಯಾರ, ಒಂದು ಕಂಬ ನೆಟ್ಟು ಬರೂದ್ರಾಗ ಮುಂದಿಂದು ಬೀಳ್ತೈತ್ರಿ. ಅಣ್ಣಾರ ಸಲುವಾಗಿನ ಮೊದಲ ಈ ಕಡೆ ಬರ್ತೇನಿ ನಾ. ಇದರ ಮ್ಯಾಲ ನನ್ನ ಕೈಯಾಗ ಏನೈತಿ ಹೇಳ್ರಿ" ಅಂದ. ನಾನು ಚಹಾ ಕೊಟ್ಟೆ. ಬೈಯಲು ಒಬ್ಬನಿದ್ದ, ಅವನೂ ಹೋದ. ಯಾರನ್ನೂ ಬೈಯುವ ಹಾಗಿಲ್ಲದ ಕಷ್ಟಕ್ಕಿಂತ ದೊಡ್ಡ ಕಷ್ಟ ನಾನು ಕಂಡಿಲ್ಲ.

ನಾಗಪ್ಪ ಊರವರ ಪಿಕಪ್ ತೆಗೆದುಕೊಂಡು ಸಿಲಿಂಡರಿಗಾಗಿ ಹುಬ್ಬಳ್ಳಿಗೆ ಹೋಗಿ ಬರುತ್ತಿದ್ದ. ಹಳ್ಳ ಏರಿದರೆ ಆಚೆ ದಡದಲ್ಲೇ ಗಾಡಿ ನಿಲ್ಲಿಸಿ, ಸಿಲಿಂಡರನ್ನು ಹೆಗಲ ಮೇಲೆ ಹೊತ್ತು ಸುತ್ತುದಾರಿಯಲ್ಲಿ ಬರುವನು. ಬಂದು ಏನೂ ಆಗಿಲ್ಲದವನ ಹಾಗೆ, "ವೈನಿ, ಊಟಕ್ಕ ಏನೈತಿ" ಅನ್ನುವನು. ಅವನು ಬರುವತನಕ ನಾನು ಗಂಡನ ತುಟಿ ನೋಡುತ್ತ ಕೂತಿರುತ್ತಿದ್ದೆ. ಅವರು ನನ್ನ ಮುಖ ನೋಡುತ್ತಿದ್ದರು. "ಹಂಗ ನೋಡಬ್ಯಾಡ, ನಾ ಏನ್ ಹಾಲೇನು, ಉಕ್ಕಿ ಹೋಗಾಕ" ಎಂದು ಒಮ್ಮೆ ಅಂದರು. ಆ ದಿನ ಅಡಿಗೆಮನೆಗೆ ಹೋಗಿ ಅತ್ತುಬಿಟ್ಟೆ.

ಅತ್ತೆ ಆ ದಿನಗಳಲ್ಲಿ ಕಣದಲ್ಲೇ ಇರುತ್ತಿದ್ದರು. ತಲೆಗೆ ಗೋಣಿಚೀಲದ ಗೊಪ್ಪೆ ಹಾಕಿಕೊಂಡು, ಮಳೆ ತೊಳೆದ ಪ್ಲೇಟನ್ನೇ ಮತ್ತೆ ಬಟ್ಟೆಯಿಂದ ಒರೆಸುವರು. ಒರೆಸಿದ್ದು ಮುಗಿಯುವುದರೊಳಗೆ ಅದು ಮತ್ತೆ ತೋಯ್ದಿರುವುದು. ಒಳಗೆ ಬನ್ನಿರೆಂದರೆ ಬರುತ್ತಿರಲಿಲ್ಲ.

ಒಂದು ಮಧ್ಯಾಹ್ನ ಮಂಜುನಾಥನಿಗೆ ಫೋನು ಮಾಡಿ, ಏನಾದರೂ ಉಪಾಯವಿದೆಯೇ ಎಂದು ಕೇಳಿದೆ. ಅತ್ತೆಗೂ ಕೇಳಲೆಂದು ಸ್ಪೀಕರಿಗೆ ಹಾಕಿದ್ದೆ. ಪಾಪ, ಅವನೂ ಏನು ಹೇಳಿಯಾನು. "ಮೋಡ ಇದ್ರ ಎಲ್ಲೆ ಇಟ್ರೂ ಅಷ್ಟ ರೀ ಮೇಡಂ. ದಕ್ಷಿಣಕ್ಕ ಇದ್ದಿದ್ರ ವರ್ಷದ ಲೆಕ್ಕಕ್ಕ ಸ್ವಲ್ಪ ಹೆಚ್ಚು ಬರ್ತಿತ್ತು, ಅಷ್ಟ" ಅಂದ. ನಾನು ಫೋನು ಇಟ್ಟು ತಿರುಗಿ ನೋಡಿದೆ. ಅತ್ತೆ ಗೋಡೆಗೆ ಒರಗಿ ಕೂತವರು ಮೆಲ್ಲಗೆ ಎದ್ದು ನಿಂತಿದ್ದರು.

"ಹೊಳ್ಳಸ್ರಿ" ಅಂದರು.

"ಅತ್ತಿ, ಅಂವ ಹೇಳಿದ್ದು ಮಳಿಗಾಲದ ಮಾತಲ್ಲ."

"ಸ್ವಲ್ಪ ಹೆಚ್ಚು ಬರ್ತೈತಿ ಅಂದ್ನಿಲ್ಲೋ? ಆ ಸ್ವಲ್ಪ ನನ್ನ ಮಗನ ಉಸುರು. ಹೊಳ್ಳಸ್ರಿ."

ನಾನು ಬಿಡಿಸಿ ಹೇಳಲು ನೋಡಿದೆ. ಪ್ರತಿ ವರ್ಷ ಶಾಲೆಯ ಅಂಗಳದಲ್ಲಿ ಕೋಲು ನೆಟ್ಟು ಮಕ್ಕಳಿಗೆ ನೆರಳು ತೋರಿಸುತ್ತೇನೆ. ನಮ್ಮ ಸೀಮೆಯಲ್ಲಿ ಈ ದಿನಗಳಲ್ಲಿ ನಡುಹಗಲಿನ ಸೂರ್ಯ ನೆತ್ತಿ ದಾಟಿ ಬಡಗಣಕ್ಕೆ ವಾಲಿರುತ್ತಾನೆ, ಕೋಲಿನ ನೆರಳು ದಕ್ಷಿಣಕ್ಕೆ ಬೀಳುತ್ತದೆ. ದಕ್ಷಿಣಕ್ಕೆ ತಿರುಗಿಸಿದರೆ ಈಗ ಹೆಚ್ಚಿಗೆ ಸಿಗುವುದು ಏನೂ ಇಲ್ಲ. ಇದನ್ನೇ ಅತ್ತೆಗೆ ತೋರಿಸೋಣವೆಂದು ಕೈಗೆ ಸಿಕ್ಕ ಗಳವನ್ನು ಅಂಗಳದಲ್ಲಿ ನೆಟ್ಟೆ. ತೋರಿಸಲು ನೆರಳೇ ಇರಲಿಲ್ಲ. ಸುರಿಯುವ ಮಳೆಯಲ್ಲಿ ಗಳ ಹಿಡಿದು ನಿಂತ ನನ್ನನ್ನು ಅತ್ತೆ ಸ್ವಲ್ಪ ಹೊತ್ತು ನೋಡಿದರು. "ಒಳಗ ನಡಿಯವ್ವಾ, ತೋಯಿಸ್ಕೋಬ್ಯಾಡ" ಅಂದರು.

ನನ್ನ ಗಂಡ, "ಅವ್ವ ಹೇಳಿದಂಗ ಮಾಡ್ರಿ" ಅಂದರು. ನಾಗಪ್ಪ ಹೊರಗೆ ಬಂದು, ತಿರುಗಿಸಿದರೆ ಅಣ್ಣನಿಗೆ ಖರೇನೇ ಉಪಯೋಗ ಇದೆಯೇ ಎಂದು ನನ್ನನ್ನು ಕೇಳಿದ. ಇಲ್ಲ ಎಂದೆ. ಹಾಗಾದರೆ ಯಾಕೆ ಅಂದ. ಮನೆಯವರೆಲ್ಲ ಕೈಕಟ್ಟಿ ಕೂತು ಒಬ್ಬರ ಉಸಿರು ಎಣಿಸುವುದಕ್ಕಿಂತ ಕಬ್ಬಿಣ ಎತ್ತುವುದು ಮೇಲು ಎಂದು ನನಗೆ ಅನ್ನಿಸಿತ್ತು. ಅದನ್ನು ಹೇಳದೆ ಮಂಜುನಾಥನಿಗೆ ಫೋನು ಹಚ್ಚಿದೆ.

ತಿರುಗಿಸುವುದೆಂದರೆ ಕುರ್ಚಿ ತಿರುಗಿಸಿದಂತಲ್ಲ. ಪ್ಲೇಟು ಬಿಚ್ಚಬೇಕು, ಕಾಲು ಕೀಳಬೇಕು, ಬೇರೆ ಗುಂಡಿ ತೋಡಿ ಸಿಮೆಂಟು ಹಾಕಬೇಕು, ಅದು ಗಟ್ಟಿಯಾಗುವತನಕ ಕಾಯಬೇಕು. ಅಷ್ಟು ದಿನ ಇದ್ದ ಒಂದು ಕಡ್ಡಿಯೂ ಇಲ್ಲ. ಪರಶುರಾಮ, ಲೈನು ಸದ್ಯಕ್ಕೆ ಗಟ್ಟಿ ಇದೆ, ತಾನು ಈ ಕಡೆಯೇ ಓಡಾಡಿಕೊಂಡಿರುತ್ತೇನೆ ಎಂದು ಧೈರ್ಯ ಹೇಳಿದ ಮೇಲೆ ಕೈ ಹಚ್ಚಿದೆವು. ಮಂಜುನಾಥ ಬಂದ. ಕಣದ ಮೇಲೆ ತಾಡಪತ್ರಿ ಕಟ್ಟಿ, ಅದರ ಕೆಳಗೆ ಓಣಿಯ ಗಂಡಸರೆಲ್ಲ ಸೇರಿ ಕೆಸರಲ್ಲಿ ಕೆಲಸ ಮಾಡಿದರು. ತೋಡಿದ ಗುಂಡಿಯಲ್ಲಿ ನೀರು ತುಂಬುವುದು, ಚೆಲ್ಲುವುದು, ಮತ್ತೆ ತುಂಬುವುದು. ನಾನು ಒಂದು ಕಿವಿಯನ್ನು ಮಷೀನಿನ ಸದ್ದಿನ ಮೇಲೆ ಇಟ್ಟುಕೊಂಡೇ ಎಲ್ಲರಿಗೂ ಚಹಾ ಹಂಚಿದೆ. ಸಿಮೆಂಟು ಗಟ್ಟಿಯಾಗುವತನಕ ಕರೆಂಟು ಹೋಗಲಿಲ್ಲ. ಅದೊಂದು ಉಪಕಾರವಾಯಿತು.

ಪ್ಲೇಟು ಮತ್ತೆ ಮೇಲೇರಿ, ಮನೆಯ ಕಡೆಗೆ, ದಕ್ಷಿಣಕ್ಕೆ ಮುಖ ಮಾಡಿ ನಿಂತ ಮೇಲೆ ಎಲ್ಲರೂ ಕೈಕಾಲು ತೊಳೆಯಲು ಹೋದರು. ಅತ್ತೆ ಒಬ್ಬರೇ ಉಳಿದರು. ಕುಂಕುಮದ ಬಟ್ಟಲು ತಂದಿದ್ದರು, ಹಚ್ಚಿದ್ದು ಮಳೆಗೆ ಇಳಿದು ಹೋಗುತ್ತಿತ್ತು. ಪ್ಲೇಟಿಗೆ ಬೆನ್ನು ಕೊಟ್ಟು, ದಕ್ಷಿಣಕ್ಕೆ ತಿರುಗಿ ಕೈಮುಗಿದರು. ನಾನು ಹಿತ್ತಿಲ ಬಾಗಿಲ ಹತ್ತಿರವೇ ಇದ್ದೆ, ಅವರ ಮಾತು ಸ್ಪಷ್ಟವಾಗಿ ಕೇಳಿಸಿತು.

"ನೋಡಪಾ, ಇದು ನಿನ್ನ ಕರಿಯಾಕಲ್ಲ. ಬಿಸಲಿಗೆ. ನೀ ತಪ್ಪು ತಿಳೀಬ್ಯಾಡ."

ಊರಿನ ನೆರೆಯವರಿಗೆ ಹೇಳುವ ಹಾಗೆ ಹೇಳಿದರು. ಬೇಡಿಕೊಳ್ಳಲೂ ಇಲ್ಲ, ಅಳಲೂ ಇಲ್ಲ.

ಕರೆಂಟೇನೂ ಹೆಚ್ಚು ಬರಲಿಲ್ಲ. ಪುಷ್ಯ, ಆಶ್ಲೇಷ ಎರಡೂ ಮಳೆ ಮೊದಲಿನವುಗಳಂತೆಯೇ ಸುರಿದವು, ಬೆಳಗ್ಗೆ ಅದೇ ಒಂದು ಕಡ್ಡಿ, ಅದೇ ಪಿಕಪ್, ಅದೇ ಹಳ್ಳ. ಒಂದು ಮಾತ್ರ ಬದಲಾಯಿತು. ಮೊದಲು ಮಂಚದ ಮೇಲಿಂದ ನನ್ನ ಗಂಡನಿಗೆ ಕಿಟಕಿಯಲ್ಲಿ ಕಾಣುತ್ತಿದ್ದದ್ದು ಪ್ಲೇಟಿನ ಕಬ್ಬಿಣದ ಅಂಚು. ಈಗ ಗಾಜಿನ ಮುಖವೇ ಎದುರಾಗಿತ್ತು. ಅದರೊಳಗೆ ಆಕಾಶ ಕಾಣುತ್ತಿತ್ತು. "ಇಲ್ನೋಡ, ಮೋಡ ಹೊಂಟಾವು" ಎಂದು ನನ್ನನ್ನು ಕರೆದು ತೋರಿಸಿದರು. ಅಲ್ಲಿಂದಾಚೆ ಅದೇ ಅವರ ಟಿವಿ. ಯಾವ ಮೋಡ ದಪ್ಪ, ಯಾವುದು ಬೇಗ ಹೋಗುತ್ತದೆ, ಯಾವುದರ ಹಿಂದೆ ಸ್ವಲ್ಪ ಬೆಳಕಿದೆ ಎಂದು ಹೇಳುವರು. ಬೆಳ್ಳಕ್ಕಿಗಳು ಹಾಯ್ದರೆ, "ಬಂದ್ರು ನೋಡ್ರಿ, ಸುಣ್ಣಾ ಹಚ್ಚಾವ್ರು" ಎಂದು ಅವ್ವನನ್ನು ಕೆಣಕುವರು. ಅತ್ತೆ ಮಂಚದ ತುದಿಯಲ್ಲಿ ಕೂತು ಮಗ ನೋಡಿದ್ದನ್ನೇ ನೋಡುತ್ತಿದ್ದರು.

ಮಳೆ ಕೊನೆಗೂ ಬಿಟ್ಟಿತು. ನವರಾತ್ರಿಯ ಹೊತ್ತಿಗೆ ತೊಳೆದಿಟ್ಟಂಥ ಬಿಸಿಲು. ಬೆಳಗಿನ ನಾಷ್ಟಾ ಮುಗಿಯುವುದರೊಳಗೆ ಬ್ಯಾಟರಿಯ ಕಡ್ಡಿಗಳೆಲ್ಲ ತುಂಬಿ ನಿಂತಿರುತ್ತಿದ್ದವು. ಕಾಡಿನ ತಂತಿಗಳೂ ಸುಮ್ಮನಾದವು, ಕರೆಂಟು ಎರಡೂ ಕಡೆಯಿಂದ. ಖರ್ಚು ಮಾಡಲು ದಾರಿ ಕಾಣದೆ ನಾನು ಕರೆಂಟಿನ ಒಲೆ ತಂದೆ. ಗೋವಿನಜೋಳ ಕಣವಿಲ್ಲದೆ ರಸ್ತೆಯ ಬದಿಗೆ ಒಣಗುತ್ತಿತ್ತು. ಮಳೆಗಾಲ ದಾಟಿದೆವು, ಇನ್ನು ಹೆದರಿಕೆಯಿಲ್ಲ ಎಂದು ನಾವೆಲ್ಲ ಬಾಯಿಬಿಟ್ಟು ಹೇಳಿಕೊಂಡೆವು. ಅತ್ತೆಯಂತೂ, "ನನ್ನ ಮಾತು ಕೇಳ್ಯಾನ" ಅಂದರು. ಯಾರು ಎಂದು ನಾನು ಕೇಳಲಿಲ್ಲ.

ದಸರಾ ರಜೆ ಇತ್ತು, ನಾನು ಮನೆಯಲ್ಲೇ ಇದ್ದೆ. ಊಟವಾಗಿ ಸ್ವಲ್ಪ ಹೊತ್ತಿನ ಮೇಲೆ ಅವರು, "ಒಂದೀಟು ಚಾ ಮಾಡು, ಕರೆಂಟ್ ಸುಮ್ನ ಹೊಂಟೈತಿ" ಅಂದರು. ಮಾಡಿಕೊಂಡು ಬಂದೆ. ಮುಖ ಕಿಟಕಿಯ ಕಡೆಗಿತ್ತು. ನಳಿಗೆ ಮೂಗಿನಲ್ಲೇ ಇತ್ತು, ಮಷೀನು ಎಂದಿನಂತೆ ಗುರ್ರೆನ್ನುತ್ತಿತ್ತು, ಹಸಿರು ದೀಪ ಉರಿಯುತ್ತಿತ್ತು. ಗಾಳಿ ಹೋಗುತ್ತಿತ್ತು, ಒಳಗೆ ತೆಗೆದುಕೊಳ್ಳುವವರು ಇರಲಿಲ್ಲ. ಚಹಾದ ಕಪ್ಪು ಹಿಡಿದುಕೊಂಡೇ ನಾನೂ ಕಿಟಕಿಯಾಚೆ ನೋಡಿದೆ. ಆ ದಿನ ಗಾಜಿನಲ್ಲಿ ಒಂದೂ ಮೋಡ ಇರಲಿಲ್ಲ, ಬರೀ ನೀಲಿ.

ನಾಗಪ್ಪ ಓಡಿ ಬಂದು, ಅಣ್ಣನ ಮೂಗಿನ ಹತ್ತಿರ ಕೈ ಹಿಡಿದು ನೋಡಿ, ಮಷೀನು ಬಂದ್ ಮಾಡಿದ. ತಿಂಗಳುಗಟ್ಟಲೆ ಯಾವ ಸದ್ದು ನಿಲ್ಲಬಾರದೆಂದು ಇಡೀ ಮನೆ ಬಡಿದಾಡಿತ್ತೋ ಅದನ್ನು ಒಂದು ಗುಂಡಿ ಒತ್ತಿ ನಿಲ್ಲಿಸಿದ. ಅತ್ತೆ ಕಣದಿಂದ ಬಂದರು. ಅವರಿಗೆ ಯಾರೂ ಹೇಳಬೇಕಾಗಲಿಲ್ಲ, ಸದ್ದು ನಿಂತದ್ದು ಕೇಳಿಸಿತ್ತು.

ಆಡುವವರು ಆಡಿದರು. ತೆಂಕಲಕ್ಕೆ ಮುಖ ಮಾಡಬಾರದಿತ್ತು ಎಂದು ಹಿಂದಿನಿಂದ ಅಂದವರಿದ್ದರು, ತಿರುಗಿಸುವಾಗ ಕಬ್ಬಿಣ ಹಿಡಿದವರೇ ಕೆಲವರು. ಜಗಳಕ್ಕೆ ಹೋಗುವ ಮನಸ್ಸಾಗಿತ್ತು, ತ್ರಾಣವಿರಲಿಲ್ಲ. ಸೂತಕದ ದಿನಗಳು ಮುಗಿದ ಮೇಲೆ ನಾಗಪ್ಪ, "ಯವ್ವಾ, ಅದನ್ನ ಹೊಳ್ಳಿ ಮೂಡಲಕ್ಕ ಮಾಡೂಣೇನು?" ಎಂದು ಕೇಳಿದ. ಅತ್ತೆ ತಲೆ ಅಲ್ಲಾಡಿಸಿದರು. "ಇನ್ನ್ಯಾಕ? ಬರಾಂವ ಬಂದು ಹೋದ" ಅಂದರು. ಮರುದಿನ ಗಳಕ್ಕೆ ಬಟ್ಟೆ ಸುತ್ತಿಕೊಂಡು ಪ್ಲೇಟು ತೊಳೆಯಲು ಹೋದರು. ಅಲ್ಲಿಂದ ಒಂದು ದಿನವೂ ತಪ್ಪಿಸಿಲ್ಲ.

ಕಳೆದ ವಾರವೂ ತೊಳೆದು ಬಂದು, ಹಿತ್ತಿಲ ಕಟ್ಟೆಯ ಮೇಲೆ ನನ್ನ ಪಕ್ಕ ಕೂತು ಕೈ ಒರೆಸಿಕೊಂಡರು. ಈಗ ಕೇಳುತ್ತಾರೆ ಎಂದು ನನಗೆ ಗೊತ್ತಿತ್ತು. ಹೋದಾಗಲೆಲ್ಲ ಕೇಳುತ್ತಾರೆ.

"ರೇಣವ್ವಾ, ನೀ ಸಾಲಿ ಕಲಿಸಾಕಿ. ಖರೇ ಹೇಳು. ಹೊಳ್ಳಸಿದ್ದಕ್ಕ ಏನರ ಆತೇನು?"

ಮೊದಮೊದಲು, ಏನೂ ಆಗಿಲ್ಲ ಅತ್ತಿ, ಪ್ಲೇಟು ಯಾ ಕಡೆ ಇದ್ದರೂ ಅಷ್ಟೇ ಇತ್ತು ಎಂದು ಹೇಳುತ್ತಿದ್ದೆ. ದಿಕ್ಕಿಗೂ ಅವರು ಹೋದದ್ದಕ್ಕೂ ಸಂಬಂಧವಿಲ್ಲ ಎಂದು ಸಮಾಧಾನ ಮಾಡುವುದು ನನ್ನ ಉದ್ದೇಶ. ಅವರಿಗೆ ಕೇಳಿಸುತ್ತಿದ್ದದ್ದು, ಇಲ್ಲದ ಉಪಯೋಗಕ್ಕಾಗಿ ಯಮನ ಕಡೆ ಬಾಗಿಲು ತೆರೆದೆ ಎಂದು. ಹಾಗಾಗಿ ಒಮ್ಮೆ, ಆಯಿತು ಅತ್ತಿ, ಕರೆಂಟು ಸ್ವಲ್ಪ ಹೆಚ್ಚು ಬಂತು ಎಂದು ಸುಳ್ಳು ಹೇಳಿ ನೋಡಿದೆ. "ಹಂಗಾರ ಯಮಗೂ ಮುಟ್ಟೇತಿ" ಎಂದು ಆ ದಿನ ಊಟವನ್ನೇ ಮಾಡಲಿಲ್ಲ. ಖರೇ ಹೇಳಿದರೂ ಚುಚ್ಚುತ್ತದೆ, ಸುಳ್ಳು ಹೇಳಿದರೂ ಚುಚ್ಚುತ್ತದೆ.

ಈ ಸಲ ಗಾಜಿನ ಕಡೆಗೆ ನೋಡಿದೆ. ಪಡುವಣದಿಂದ ಈ ವರ್ಷದ ಮೊದಲ ಮೋಡಗಳು ಏರುತ್ತಿದ್ದವು, ಅದರೊಳಗೆ ಮೆಲ್ಲಗೆ ಸರಿಯುತ್ತಿದ್ದವು.

"ಆತು ಅತ್ತಿ," ಅಂದೆ. "ಅವರಿಗಿ ಮೋಡ ಕಾಣ್ತಿದ್ದುವು."

ಅತ್ತೆ ನನ್ನ ಮುಖ ನೋಡಿದರು, ಆಮೇಲೆ ಗಾಜು ನೋಡಿದರು.

"ಹೌದು, ನೋಡ್ತಿದ್ದ" ಅಂದರು. ಸರಿಯಾದ ಮಾತು ಸಿಕ್ಕಿತು ಎಂದು ನನಗೆ ಒಳಗೇ ಹಗುರವಾಯಿತು. ಅಷ್ಟರಲ್ಲಿ ಅವರು ಮೆಲ್ಲಗೆ ಅಂದರು, "ಉಸುರಿಗೆ, ರೇಣವ್ವಾ. ಉಸುರಿಗೆ ಏನರ ಆತೇನು ಅಂತ ಕೇಳಿದೆ ನಾ."

ಉತ್ತರಕ್ಕೆ ಅವರು ಕಾಯಲಿಲ್ಲ. ಮೊಣಕಾಲಿಗೆ ಕೈಯೂರಿ ಎದ್ದು, ಗಳ ಎತ್ತಿಕೊಂಡು, ಆಗಷ್ಟೇ ತೊಳೆದು ಬಂದಿದ್ದ ಗಾಜನ್ನೇ ಮತ್ತೆ ಒರೆಸತೊಡಗಿದರು.